ಮೂರನೆಯ ಬಿಲ್ಲಾ: ರಸಿಕರಿಗೊಂದು ಕೈಪಿಡಿ

ಮದರಾಸಿನ ಅಡ್ಯಾರಿನ ಗಾಂಧಿನಗರದಲ್ಲಿರುವ ನನ್ನ ಮನೆಗೆ ಭಾನುವಾರದ ಸಂಜೆ ನಾಲ್ಕಾರು ಮಂದಿ ಕನ್ನಡದ ತರುಣರು ಬಂದು ಕುಳಿತು ಹೋಗುವ ವಾಡಿಕೆಯುಂಟು. ತರಮಣಿ, ಪೆರುಂಗುಡಿಗಳ ಕಡೆಯ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವ ಈ ಹುಡುಗರು ಬುದ್ಧಿವಂತರು, ವಿನಯಶಾಲಿಗಳು, ನಾಲ್ಕು ಪುಸ್ತಕ ಓದಿಕೊಂಡವರು. ಆದರೂ ಕಳೆದ ವಾರ ಅವರಲ್ಲಿ ಇಬ್ಬರು ‘ಬಿಲ್ಲಾ’ ಚಿತ್ರದ ವಿಚಾರವಾಗಿ ನಡೆಸಿದ ವಾದವನ್ನು ಕೇಳಿದಂದಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಒಬ್ಬನ ಮತದಲ್ಲಿ 1980ರಲ್ಲಿ ರಜನೀಕಾಂತರು ಮಾಡಿದ್ದೇ ಬಿಲ್ಲಾ, 2007ರಲ್ಲಿ ಅಜಿತರು ಮಾಡಿದ್ದು ಬರಿಯ ನಡಿಗೆ. ಇನ್ನೊಬ್ಬನ ಮತದಲ್ಲಿ ಹಳೆಯದು ಆಮೆಯ ವೇಗದ್ದು, ಬಣ್ಣ ಮಾಸಿದ್ದು, ಹೊಸದು ಹಾಲಿವುಡ್ಡಿನ ಮಟ್ಟದ್ದು. ಒಂದು ಗಂಟೆಯ ಕಾಲ ಕೋಟನ್ನು ಕೋಟಿನೊಡನೆಯೂ, ಕಪ್ಪು ಕನ್ನಡಕವನ್ನು ಕಪ್ಪು ಕನ್ನಡಕದೊಡನೆಯೂ, ಕಾರನ್ನು ಕಾರಿನೊಡನೆಯೂ ತೂಗಿ ನೋಡಿದ ಮೇಲೆ ಇಬ್ಬರೂ ದಣಿದು, ಕಾಫಿ ಕುಡಿದು ಎದ್ದುಹೋದರು. ಅಭಿನಯವೆಂಬ ಶಬ್ದವು ಆ ಒಂದು ಗಂಟೆಯಲ್ಲಿ ಒಮ್ಮೆಯಾದರೂ ಯಾರ ಬಾಯಿಂದಲೂ ಹೊರಡಲಿಲ್ಲ. ಈ ಕೈಪಿಡಿಯನ್ನು ಆ ಇಬ್ಬರಿಗಾಗಿ, ಮತ್ತು ಅವರಂತೆ ಒಳ್ಳೆಯ ಕಣ್ಣುಗಳಿದ್ದೂ ಅವುಗಳನ್ನು ಬಟ್ಟೆಬರೆಯ ಮೇಲೆ ವೆಚ್ಚಮಾಡುತ್ತಿರುವ ಎಲ್ಲರಿಗಾಗಿ ಬರೆಯುತ್ತಿದ್ದೇನೆ. ಕಥೆಯನ್ನು ನಾನು ಹೇಳತಕ್ಕದ್ದಿಲ್ಲ; ಅದನ್ನು ಬಲ್ಲವರಿಗಷ್ಟೇ ಈ ಮಾತು.

‘ಮೂಲ’ ಎಂಬ ಶಬ್ದವನ್ನು ಇಷ್ಟು ಸಲೀಸಾಗಿ ಬಳಸುವುದನ್ನು ಮೊದಲು ನಿಲ್ಲಿಸಬೇಕು. ರಜನೀಕಾಂತರ ಚಿತ್ರವನ್ನು ಮೂಲವೆಂದು ಹಿಡಿದು ಹೊಸದನ್ನು ನಕಲೆಂದು ಹಳಿಯುವವನಿಗೆ, 1980ರ ಜನವರಿ 26ರಂದು ತೆರೆಕಂಡ ಆ ಚಿತ್ರವು 1978ರ ಹಿಂದಿಯ ‘ಡಾನ್’ ಎಂಬುದರ ತಮಿಳು ರೂಪವೆಂಬುದೂ, ನಡುವೆ 1979ರಲ್ಲಿ ಅದೇ ಕಥೆಯನ್ನು ಎನ್.ಟಿ. ರಾಮರಾಯರು ತೆಲುಗಿನಲ್ಲಿ ‘ಯುಗಂಧರ್’ ಎಂಬ ಹೆಸರಿನಿಂದ ಅಭಿನಯಿಸಿದ್ದರೆಂಬುದೂ, 1986ರಲ್ಲಿ ಮೋಹನಲಾಲರು ಮಲಯಾಳದಲ್ಲಿ ‘ಶೋಭರಾಜ್’ ಆಗಿ ಬಂದರೆಂಬುದೂ ನೆನಪಿಗೆ ಬರುವುದಿಲ್ಲ. ಹಿಂದಿಯ ‘ಡಾನ್’ ಕೂಡ ಆಕಾಶದಿಂದ ಉದುರಿದ್ದಲ್ಲ. ಚಂದ್ರ ಬಾರೋಟರು ನಿರ್ದೇಶಿಸಿ ಸಲೀಂ–ಜಾವೇದರು ಬರೆದ ಆ ಚಿತ್ರಕ್ಕೆ ಹದಿನಾರು ವರ್ಷಗಳಷ್ಟು ಹಿಂದೆಯೇ, 1962ರಲ್ಲಿ, ಶಕ್ತಿ ಸಾಮಂತರ ‘ಚೈನಾ ಟೌನ್’ನಲ್ಲಿ ಶಮ್ಮಿ ಕಪೂರರು ಕೇಡಿಗನೊಬ್ಬನ ಸ್ಥಾನದಲ್ಲಿ ಅವನನ್ನೇ ಹೋಲುವ ಸಾಧುವೊಬ್ಬನನ್ನು ನಿಲ್ಲಿಸಿ ತೋರಿಸಿದ್ದರು, ಅದನ್ನು ಎಂ.ಜಿ. ರಾಮಚಂದ್ರನ್ನರು 1968ರಲ್ಲಿ ‘ಕುಡಿಯಿರುಂದ ಕೋಯಿಲ್’ ಆಗಿ ತಮಿಳಿಗೆ ತಂದರು. ಇನ್ನೂ ಹಿಂದಕ್ಕೆ ಹೋದರೆ, ರಾಜನ ಸ್ಥಾನದಲ್ಲಿ ರಾಜನಂತೆಯೇ ಇರುವ ಪರದೇಶಿಯೊಬ್ಬನನ್ನು ಕೂರಿಸಿದ 1894ರ ಇಂಗ್ಲಿಷ್ ಕಾದಂಬರಿ ‘ದಿ ಪ್ರಿಸನರ್ ಆಫ್ ಜೆಂಡಾ’ ಸಿಕ್ಕುತ್ತದೆ.

ಇಲ್ಲಿಂದ ಕಾಲುನಡಿಗೆಯ ದೂರದಲ್ಲಿ, ಥಿಯಸಾಫಿಕಲ್ ಸೊಸೈಟಿಯ ತೋಪಿನಲ್ಲಿ, ದೇಶದೇಶಗಳಿಂದ ಜನ ಬಂದು ನೋಡುವ ಆಲದ ಮರವೊಂದಿದೆ. ಅದರ ಮೂಲಕಾಂಡವು 1989ರ ಬಿರುಗಾಳಿಗೆ ಉರುಳಿತು. ಈಗ ಅಲ್ಲಿ ನೆರಳು ಕೊಡುತ್ತಿರುವುವು ಬಿಳಲುಗಳು. ನೆಲಕ್ಕಿಳಿದು, ಬೇರು ಬಿಟ್ಟು, ತಾವೇ ಕಾಂಡಗಳಾಗಿ ನಿಂತ ಬಿಳಲುಗಳು. ಅವುಗಳಲ್ಲಿ ಯಾವುದು ಅಸಲು ಮರವೆಂದು ಯಾರೂ ಕೇಳುವುದಿಲ್ಲ. ಯಾವ ಬಿಳಲು ಗಟ್ಟಿಯಾಗಿ ನೆಲಕಚ್ಚಿದೆ, ಯಾವುದು ಇನ್ನೂ ಗಾಳಿಯಲ್ಲಿ ತೂಗಾಡುತ್ತಿದೆ ಎಂಬುದನ್ನು ನೋಡುತ್ತಾರೆ.

ಕನ್ನಡದ ಮಕ್ಕಳಿಗಂತೂ ಈ ಮಾತನ್ನು ಹೊಸದಾಗಿ ಬೋಧಿಸಬೇಕಾದುದೇ ಇಲ್ಲ. ಪಂಪನು ವ್ಯಾಸರ ಭಾರತವನ್ನು ತನ್ನ ಅರಿಕೇಸರಿಗಾಗಿ ಮತ್ತೆ ಹೇಳಿದನು. ಪಂಪನಾದ ಮೇಲೆ ಕುಮಾರವ್ಯಾಸನು ಅದನ್ನೇ ಮತ್ತೆ ಹೇಳಿದನು. ಮಳೆ ಹೋದ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸಿದಾಗ, ‘ಇದು ನಮಗೆ ಗೊತ್ತಿರುವ ಕಥೆಯೇ’ ಎಂದು ಯಾರೂ ಎದ್ದುಹೋದದ್ದಿಲ್ಲ. ಯಕ್ಷಗಾನದ ಆಟಕ್ಕೆ ಹೋಗುವವನು ಕಥೆಗಾಗಿ ಹೋಗುವುದಿಲ್ಲ. ಇಂದಿನ ವೇಷಧಾರಿಯು ಉತ್ತರನ ರಥದ ಮುಂದೆ ನಿಂತ ಬೃಹನ್ನಳೆಯನ್ನು ಹೇಗೆ ಮಾಡುತ್ತಾನೆ, ಸೆರಗಿನ ಮರೆಯಿಂದ ಅರ್ಜುನನನ್ನು ಎಷ್ಟು ಮಾತ್ರ ಹೊರಗೆ ಬಿಡುತ್ತಾನೆ ಎಂಬುದನ್ನು ನೋಡಲು ಹೋಗುತ್ತಾನೆ. ನನ್ನ ಇಡೀ ಮಾತಿನ ಗುಟ್ಟು ಈ ಬೃಹನ್ನಳೆಯಲ್ಲಿದೆ. ಆದರೆ ಅದನ್ನು ನಾನು ಸ್ವಂತ ಬುದ್ಧಿಯಿಂದ ಕಂಡುಕೊಂಡವನಲ್ಲವಾದ ಕಾರಣ, ಕಲಿತ ಬಗೆಯನ್ನು ಹೇಳುವುದು ನ್ಯಾಯ.

ಮೈಸೂರಿನಿಂದ ಉದ್ಯೋಗಕ್ಕಾಗಿ ನಾನು ಮದರಾಸಿಗೆ ಬಂದದ್ದು 1976ರಲ್ಲಿ. ನಾಲ್ಕು ವರ್ಷಗಳ ಮೇಲೆ ‘ಬಿಲ್ಲಾ’ ಬಂದಾಗ, ನನ್ನ ವಯಸ್ಸಿನ ಎಲ್ಲರಂತೆ ನಾನೂ ಮೊದಲ ವಾರದಲ್ಲಿಯೇ ಹೋಗಿ ಕುಳಿತೆನು. ತೆರೆಯ ಮೇಲಿದ್ದಾತನು ನಮ್ಮ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ಟಿಕೆಟು ಹರಿದವನು, ನಮ್ಮ ಪುಟ್ಟಣ್ಣ ಕಣಗಾಲರು ‘ಕಥಾಸಂಗಮ’ದಲ್ಲಿ ತೋರಿಸಿದವನು ಎಂಬ ಅಭಿಮಾನ ಬೇರೆ. ಸಿಗರೇಟು ಗಾಳಿಯಲ್ಲಿ ಹಾರಿ ತುಟಿಗೆ ಬಂದಾಗ ಕೂಗಿದೆವು; ಬೆರಳುಗಳು ತಲೆಗೂದಲನ್ನು ಹಿಂದಕ್ಕೆ ತಳ್ಳಿದಾಗ ಕೂಗಿದೆವು. ಹೊರಗೆ ಬಂದಾಗ, ‘ಎರಡು ಪಾತ್ರವನ್ನೂ ಎಷ್ಟು ಚೆನ್ನಾಗಿ ಮಾಡಿದ್ದಾನೆ!’ ಎಂಬುದಕ್ಕಿಂತ ಹೆಚ್ಚಿನ ಯಾವ ತಿಳಿವೂ ನನ್ನಲ್ಲಿರಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಆಗ ವೃದ್ಧರೊಬ್ಬರಿದ್ದರು. ಯೌವನದಲ್ಲಿ ವೃತ್ತಿನಾಟಕದ ಕಂಪನಿಯೊಂದರಲ್ಲಿ ರಾಜಪಾರ್ಟು ಮಾಡಿ, ಕನ್ನಡ ಚಿತ್ರಗಳು ಹೆಚ್ಚಾಗಿ ಕೋಡಂಬಾಕ್ಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದ ಕಾಲದಲ್ಲಿ ಸಣ್ಣಪುಟ್ಟ ವೇಷಗಳಿಗಾಗಿ ಇಲ್ಲಿಗೆ ಬಂದು, ಆ ಉದ್ಯಮವು ಬೆಂಗಳೂರಿಗೆ ಹೊರಟುಹೋದ ಮೇಲೆಯೂ ಇಲ್ಲಿಯೇ ಉಳಿದವರು. ನಾವೆಲ್ಲರೂ ಅವರನ್ನು ಯಜಮಾನರೆಂದೇ ಕರೆಯುತ್ತಿದ್ದೆವು. ಚಿತ್ರವನ್ನು ಅವರೂ ನೋಡಿದ್ದರು. ಮರುದಿನ ಅವರ ಜಗಲಿಯಲ್ಲಿ ಕುಳಿತು ನಾನು ಎರಡು ಪಾತ್ರಗಳ ಗುಣಗಾನ ಮಾಡುತ್ತಿರಲು, ಅವರು ಎಲೆಗೆ ಸುಣ್ಣ ಸವರುತ್ತಿದ್ದವರು ಕೈ ನಿಲ್ಲಿಸಿ,

“ಅಲ್ಲಯ್ಯಾ, ಎರಡು ಪಾರ್ಟು ಅಂತೀಯಲ್ಲ, ಸರಿಯಾಗಿ ಎಣಿಸಿದೆಯೇನು?” ಎಂದರು.

“ಬಿಲ್ಲಾ ಒಬ್ಬ, ರಾಜಪ್ಪ ಒಬ್ಬ. ಎರಡೇ ಅಲ್ಲವೆ ಯಜಮಾನರೇ?”

“ಬಿಲ್ಲಾನ ಹಾಗೆ ನಟಿಸೋ ರಾಜಪ್ಪನ್ನ ಯಾರ ಲೆಕ್ಕಕ್ಕೆ ಬರೆದೆ? ಅವನು ಬಿಲ್ಲಾನೂ ಅಲ್ಲ, ರಾಜಪ್ಪನೂ ಅಲ್ಲ. ಮೂರನೇ ಪಾರ್ಟು ಅದು. ಕಷ್ಟದ್ದು ಅದೇ.”

ಅಷ್ಟು ಹೇಳಿ ಅವರು ಎದ್ದರು. ಹೆಗಲ ಮೇಲಿದ್ದ ಹಳೆಯ ಶಾಲನ್ನು ಹೊದೆದು ಜಗಲಿಯ ಆ ತುದಿಯಿಂದ ಈ ತುದಿಯವರೆಗೆ ರಾಜನಾಗಿ ನಡೆದರು: ಶಾಲಿನ ಪರಿವೆಯೇ ಅವರಿಗಿರಲಿಲ್ಲ, ಅದು ಜಾರಿದರೂ ಎತ್ತಿಕೊಡಲು ಜನರಿದ್ದಾರೆಂಬ ಭಾವ. ಅನಂತರ ಶಾಲನ್ನು ತೆಗೆದಿಟ್ಟು ತಿರುಕನಾಗಿ ನಡೆದರು. ಅದು ಯಾರಾದರೂ ಮಾಡಬಹುದಾದದ್ದು. ಆಮೇಲೆ ಮತ್ತೆ ಶಾಲನ್ನು ಹೊದೆದು, ರಾಜವೇಷ ತೊಟ್ಟ ತಿರುಕನಾಗಿ ನಡೆದರು. ಎದೆಯ ಸೆಟೆತ ಅದೇ, ಹೆಜ್ಜೆಯ ಅಂತರ ಅದೇ, ಗದ್ದದ ಎತ್ತರ ಅದೇ. ಆದರೆ ಅರ್ಧದಾರಿಯಲ್ಲಿ ಬಲಗೈಯ ಎರಡು ಬೆರಳುಗಳು, ತಮಗೇ ತಿಳಿಯದೆಂಬಂತೆ, ಶಾಲಿನ ಅಂಚನ್ನು ಒಮ್ಮೆ ಮುಟ್ಟಿ ನೋಡಿದುವು. ಅದು ಇನ್ನೂ ಮೈಮೇಲೆ ಇದೆಯೇ ಎಂದು. ಅಷ್ಟೇ. ನನ್ನ ಮೈ ಜುಮ್ಮೆಂದಿತು. ಆ ಎರಡು ಬೆರಳುಗಳಲ್ಲಿ ಒಬ್ಬ ಮನುಷ್ಯನ ಸಮಸ್ತ ಭಯವೂ, ಬಡತನವೂ, ಆಸೆಯೂ ಇದ್ದಿತು.

ಮರುವಾರ ನಾನು ಅದೇ ಚಿತ್ರಕ್ಕೆ ಮತ್ತೆ ಹೋದೆನು. ಅಂದು ಕಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ. ರಜನೀಕಾಂತರ ಬಿಲ್ಲನು ಚಲನೆಗಳ ರಾಶಿ: ಕೈಬೀಸು, ಕತ್ತಿನ ತಿರುವು, ಚುರುಕು ಹೆಜ್ಜೆ, ಮಾತಿನ ಕತ್ತರಿ. ಅವನು ಯೋಚಿಸಿ ಚಲಿಸುವವನಲ್ಲ. ಚಲಿಸಿದ್ದೇ ಅವನ ಯೋಚನೆ. ಬೀದಿಯಲ್ಲಿ ಹಾಡಿ ಕುಣಿದು ಹೊಟ್ಟೆಹೊರೆಯುವ ರಾಜಪ್ಪನು ಅದೇ ಚಲನೆಗಳನ್ನು ಎರವಲು ಪಡೆದು ಬಿಲ್ಲನ ಕೂಟದ ನಡುವೆ ಬಂದು ನಿಂತಾಗ, ಪ್ರತಿಯೊಂದು ಚಲನೆಗೂ ಕೂದಲೆಳೆಯಷ್ಟು ಮುಂಚೆ ಒಂದು ನಿಶ್ಚಯ ಸೇರಿಕೊಳ್ಳುತ್ತದೆ. ಕಲಿತ ಪಾಠವನ್ನು ಒಪ್ಪಿಸುವ ಹುಡುಗನ ಎಚ್ಚರ ಅದು. ಆ ಎಚ್ಚರವನ್ನು ಕೂಟದವರು ಕಾಣಬಾರದು, ನಾವು ಕಾಣಬೇಕು; ಎದುರಿಗಿರುವವನಿಗೆ ಮುಚ್ಚಿ, ಕತ್ತಲಲ್ಲಿ ಕುಳಿತ ನಮಗೆ ತೆರೆದಿಡಬೇಕು. ಒಂದೇ ಮುಖವು ಏಕಕಾಲದಲ್ಲಿ ಇಬ್ಬರಿಗೆ ಎರಡು ಬಗೆಯಾಗಿ ಕಾಣುವಂತೆ ಮಾಡುವ ಈ ಕಾರ್ಯಕ್ಕಿಂತ ದುಷ್ಕರವಾದುದು ನಟನ ವೃತ್ತಿಯಲ್ಲಿ ಇನ್ನೊಂದಿಲ್ಲ. ಆದಕಾರಣ ಇಪ್ಪತ್ತು ಮಂದಿಯನ್ನು ಹೊಡೆದುರುಳಿಸುವ ದೃಶ್ಯದಲ್ಲಿ ನಿಮ್ಮ ನಟನ ಶಕ್ತಿಯನ್ನು ಅಳೆಯಬೇಡಿರೆಂದು ನಾನು ಹೇಳುವುದು.

ನಮ್ಮ ಆಲಂಕಾರಿಕರಿಗೆ ಈ ಸಮಸ್ಯೆ ಚೆನ್ನಾಗಿ ತಿಳಿದಿತ್ತು. ಶ್ರೀಶಂಕುಕನು ರಸವನ್ನು ಅನುಕರಣದಿಂದ ವಿವರಿಸಲು ಹೊರಟಾಗ ಚಿತ್ರತುರಗದ ದೃಷ್ಟಾಂತವನ್ನು ಕೊಟ್ಟನು: ಗೋಡೆಯ ಮೇಲೆ ಬರೆದ ಕುದುರೆಯನ್ನು ಕುದುರೆಯೆಂದು ನಾವು ಗ್ರಹಿಸುವ ಪ್ರತೀತಿಯು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ, ನಟನಲ್ಲಿ ರಾಮನನ್ನು ಕಾಣುವುದೂ ಅಂಥದೇ. ಅಭಿನವಗುಪ್ತರು ತಮ್ಮ ಗುರುಗಳಾದ ಭಟ್ಟತೌತರ ಮಾರ್ಗವನ್ನು ಹಿಡಿದು ಈ ಅನುಕರಣವಾದವನ್ನು ಖಂಡಿಸಿದರೆಂಬುದು ವಿದಿತವೇ. ಆದರೆ ಮೂರನೆಯ ಪಾತ್ರದ ಮುಂದೆ ಕುಳಿತಾಗ ನನಗೆ ಶಂಕುಕನ ಕುದುರೆಯೇ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಕುದುರೆಯ ಚಿತ್ರವನ್ನು ಬರೆಯುತ್ತಿರುವಾತನ ಚಿತ್ರವೂ ಅದೇ ಗೋಡೆಯ ಮೇಲಿದೆ, ಮತ್ತು ಅವನ ಕೈ ನಡುಗುತ್ತಿರುವುದು ನಮಗೆ ಕಾಣುತ್ತಿದೆ.

ಈ ದೃಷ್ಟಿಯಿಂದ ತಾಂಬೂಲದ ಹಾಡನ್ನು ವಿಚಾರಿಸಬೇಕು. ‘ಡಾನ್’ ಚಿತ್ರದಲ್ಲಿ ಬನಾರಸಿನ ವೀಳ್ಯದ ಹಾಡು ಮೊದಲ ಯೋಜನೆಯಲ್ಲಿ ಇದ್ದಿರಲಿಲ್ಲ. ಚಿತ್ರದ ಉತ್ತರಾರ್ಧದಲ್ಲಿ ಪ್ರೇಕ್ಷಕನಿಗೆ ಒಂದಿಷ್ಟು ಉಸಿರಾಟದ ಅವಕಾಶ ಬೇಕೆಂಬ ಸಲಹೆಯ ಮೇರೆಗೆ ಅದನ್ನು ಆಮೇಲೆ ಸೇರಿಸಿದರು. ಕಿಶೋರ್ ಕುಮಾರರು ಹಾಡಿದ ಆ ಹಾಡಿನ ಜನಪ್ರಿಯತೆಯನ್ನು ನಾನು ಹೇಳಬೇಕಾಗಿಲ್ಲ. ಜನರು ಅದನ್ನು ಕುಣಿತದ ಹಾಡೆಂದು ತಿಳಿದಿದ್ದಾರೆ. ಮದುವೆಯ ಮನೆಗಳಲ್ಲಿ ಅದಕ್ಕೆ ಕುಣಿಯುತ್ತಾರೆ. ನಾನು ಅದನ್ನು ಮೂರನೆಯ ಪಾತ್ರದ ಬಿಡುಗಡೆಯ ಕ್ಷಣವೆಂದು ತಿಳಿದಿದ್ದೇನೆ. ಎಷ್ಟೋ ಹೊತ್ತಿನಿಂದ ಇನ್ನೊಬ್ಬನ ಬೆನ್ನೆಲುಬನ್ನು ಧರಿಸಿ ನೆಟ್ಟಗೆ ನಿಂತಿದ್ದ ವಿಜಯನೆಂಬ ಗಂಗಾತೀರದ ಸಾಧು ಮನುಷ್ಯನು, ಭಂಗಿಯ ಅಮಲೇರಿ, ಬಾಯಲ್ಲಿ ವೀಳ್ಯವನ್ನು ತುರುಕಿಕೊಂಡು, ಸೊಂಟವನ್ನು ಸಡಿಲಬಿಟ್ಟಾಗ, ಅವನ ಸ್ವಂತ ಮೈ ಅವನಿಗೆ ಮರಳಿ ದೊರೆಯುತ್ತದೆ. ಅಮಿತಾಭ್ ಬಚ್ಚನ್ನರ ಭುಜಗಳು ಆ ಹಾಡಿನಲ್ಲಿ ಇಳಿಯುವ ಬಗೆಯನ್ನು ನೋಡಿರಿ. ಡಾನನ ಭುಜಗಳು ಒಂದು ದಿನವಾದರೂ ಹಾಗೆ ಇಳಿದಾವೆ? ತಮಿಳಿನಲ್ಲಿ ಮಲೇಷ್ಯಾ ವಾಸುದೇವನ್ನರ ಕಂಠದಲ್ಲಿ ಅದೇ ವೀಳ್ಯವು ಬೇರೊಂದು ಮಣ್ಣಿನ ವಾಸನೆಯೊಡನೆ ಬಂದಿತು, ಎಂ.ಎಸ್. ವಿಶ್ವನಾಥನ್ನರು ಅದಕ್ಕೆ ಕೂಡಿಸಿದ ತಾಳದಲ್ಲಿ ನಮ್ಮ ದಕ್ಷಿಣದ ಬೀದಿಯ ಕುಣಿತವಿದೆ. ಯಜಮಾನರು ತೀರಿಹೋಗುವವರೆಗೂ, ರೇಡಿಯೋದಲ್ಲಿ ಆ ಹಾಡು ಬಂದರೆ ಎಲೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಿದ್ದರು.

ಕನ್ನಡದಲ್ಲಿ ಈ ಮೂರನೆಯ ಪಾತ್ರವು ಇಲ್ಲವೆಂದು ಯಾರೂ ಭಾವಿಸಬಾರದು. ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾಯರ ಕಾದಂಬರಿಯನ್ನು ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರು 1981ರಲ್ಲಿ ‘ಅಂತ’ ಎಂಬ ಚಿತ್ರವಾಗಿ ತೆರೆಗೆ ತಂದರು. ಅದರಲ್ಲಿ ಇನ್‌ಸ್ಪೆಕ್ಟರ್ ಸುಶೀಲಕುಮಾರನು ಕನ್ವರ್‌ಲಾಲನೆಂಬ ಪಾತಕಿಯ ಸ್ಥಾನವನ್ನು ಹೊಕ್ಕಾಗ, ಅಂಬರೀಷರು ಸಹ ಅದೇ ಇಕ್ಕಟ್ಟಿನ ದಾರಿಯಲ್ಲಿ ನಡೆದರು. ನಾಡಿಗೆ ನಾಡೇ ಕನ್ವರ್‌ಲಾಲನ ಗರ್ಜನೆಯನ್ನು ಬಾಯಿಪಾಠ ಮಾಡಿತು. ಇಂದಿಗೂ ಜಾತ್ರೆಗಳಲ್ಲಿ ಆ ಒಂದು ವಾಕ್ಯವನ್ನು ಕೂಗುವವರಿದ್ದಾರೆ. ಆ ಗರ್ಜನೆಯ ಅಡಿಯಲ್ಲಿ ಅಡಗಿ ಕುಳಿತ ಗೃಹಸ್ಥನನ್ನು, ಮಡದಿಯನ್ನು ಮನೆಯಲ್ಲಿ ಬಿಟ್ಟು ಬಂದು ಈ ಕೊಳಕಿನ ನಡುವೆ ನಗಬೇಕಾದವನನ್ನು ನೋಡಿದವರೆಷ್ಟು ಮಂದಿ? ವೇಷ ಬಯಲಾದ ಮೇಲೆ ಅವನು ಮೈಯಿಂದಲೂ ಮನೆಯಿಂದಲೂ ತೆತ್ತ ಬೆಲೆಯನ್ನು ನೆನೆದರೆ, ‘ಬಿಲ್ಲಾ’ದ ಮೂರನೆಯ ಪಾತ್ರವು ಸುಖವಾಗಿಯೇ ಪಾರಾಯಿತೆನ್ನಬೇಕು. ನಾನು ಆ ಚಿತ್ರವನ್ನು ಬೆಂಗಳೂರಿಗೆ ಹೋಗಿ ನೋಡಿ, ರಾತ್ರಿಯ ರೈಲಿನಲ್ಲಿ ಮದರಾಸಿಗೆ ಮರಳುವಾಗ ನಿದ್ರೆ ಬರಲಿಲ್ಲ.

ಈಗ 2007ರ ‘ಬಿಲ್ಲಾ’ಕ್ಕೆ ಬರೋಣ. ವಿಷ್ಣುವರ್ಧನ್ ಎಂಬ ತಮಿಳು ನಿರ್ದೇಶಕರು (ಹೆಸರು ಒಂದಾದರೂ ನಮ್ಮ ಮೇರುನಟರಲ್ಲ) ಮಲೇಷ್ಯಾದಲ್ಲಿ ಚಿತ್ರೀಕರಿಸಿದ ಈ ಚಿತ್ರವು ಆ ವರ್ಷದ ಡಿಸೆಂಬರ್ 14ರಂದು ಬಿಡುಗಡೆಯಾಯಿತು. ಮೊದಲ ದಿನವೇ ನಾನು ತಿರುವಾನ್ಮಿಯೂರಿನ ಕಡೆಯ ಒಂದು ಚಿತ್ರಮಂದಿರಕ್ಕೆ ಹೋಗಿದ್ದೆನು. ಹೊರಗೆ ಆಳೆತ್ತರದ ಕಟೌಟಿಗೆ ಹಾಲೆರೆದು ಕರ್ಪೂರ ಹಚ್ಚಿದ್ದರು. ಒಳಗೆ ಹರಿದ ಕಾಗದದ ಚೂರುಗಳು ಮಳೆಯಂತೆ ಸುರಿದುವು. ಅದು ಭಕ್ತಿಯೇ ಸರಿ, ಅದನ್ನು ನಾನು ಹಳಿಯುವುದಿಲ್ಲ. ನಾನು ಹಳಿಯುವುದು ಮುಂದೆ ನಡೆದುದನ್ನು. ಅಜಿತರು ನೀಳವಾದ ಕೋಟು ತೊಟ್ಟು, ಕಪ್ಪು ಕನ್ನಡಕ ಧರಿಸಿ ನಡೆದ ಪ್ರತಿಯೊಂದು ಬಾರಿಯೂ ನನ್ನ ಮುಂದಿನ ಸಾಲುಗಳ ಹುಡುಗರು ಸೀಟಿನ ಮೇಲೆ ಎದ್ದು ನಿಂತರು. ಕತೆಯು ತಿರುಗಿ, ಶರವಣ ವೇಲು ಎಂಬ ಬಡ ಜೇಬುಗಳ್ಳನನ್ನು ಪೊಲೀಸ್ ಅಧಿಕಾರಿಯು (ಪ್ರಭು ಅವರು ಇದನ್ನು ಘನತೆಯಿಂದ ಮಾಡಿದ್ದಾರೆ) ಬಿಲ್ಲನಾಗೆಂದು ಒತ್ತಾಯಿಸುವಲ್ಲಿಗೆ ಬಂದಾಗ ಅದೇ ಹುಡುಗರು ಜೋಳದರಳು ತರಲು ಸಾಲುಸಾಲಾಗಿ ಎದ್ದು ಹೊರಗೆ ಹೋದರು. ಇಡೀ ಚಿತ್ರದ ಗರ್ಭವು ಯಾವ ಐದು ನಿಮಿಷಗಳಲ್ಲಿದೆಯೋ ಆ ಐದು ನಿಮಿಷಗಳಲ್ಲಿ ನನ್ನ ಮುಂದಿನ ಎರಡು ಸಾಲುಗಳು ಬರಿದಾಗಿದ್ದುವು. ಅಭಿಮಾನಿಗಳು ತಾವು ಪೂಜಿಸುವ ನಟನನ್ನು ಅವನ ಅತ್ಯಂತ ಕಷ್ಟದ ಕ್ಷಣದಲ್ಲಿಯೇ ಬಿಟ್ಟು ಹೋದರಲ್ಲಾ ಎಂದು ನನಗೆ ಅಂದು ಆದ ವ್ಯಥೆಯು ಇಂದಿಗೂ ಹೋಗಿಲ್ಲ.

ಚಿತ್ರದ ವಿಷಯದಲ್ಲಿ ನನ್ನ ನಿರ್ಣಯವು ಹೀಗಿದೆ. ಅಜಿತರ ಬಿಲ್ಲನು ರಜನೀಕಾಂತರ ಬಿಲ್ಲನಿಗಿಂತ ಕಡಿಮೆಯವನಲ್ಲ, ಬೇರೆ ಜಾತಿಯವನು. ಅವನ ಕ್ರೌರ್ಯವು ನಿಶ್ಚಲತೆಯಲ್ಲಿದೆ. ಅವನು ಅನಗತ್ಯವಾಗಿ ಬೆರಳೊಂದನ್ನೂ ಎತ್ತುವುದಿಲ್ಲ, ಮಾತನ್ನು ಹಣದಂತೆ ಎಣಿಸಿ ಕೊಡುತ್ತಾನೆ. ನೀರವ್ ಷಾ ಅವರ ಛಾಯಾಗ್ರಹಣದ ಕಪ್ಪು ಛಾಯೆಗಳ ನಡುವೆ ಆ ಮೌನಕ್ಕೆ ಒಂದು ಗಾಂಭೀರ್ಯ ಬಂದಿದೆ. ‘ಬರಿಯ ನಡಿಗೆ’ ಎಂದು ಹೀಗಳೆದ ಹುಡುಗನು ಆ ನಡಿಗೆಯನ್ನು ನೋಡಿಲ್ಲ. ಆದರೆ ದೋಷವು ಹುಟ್ಟಿದ್ದೂ ಇಲ್ಲಿಯೇ. ಚಲನೆಗಳ ರಾಶಿಯಾದವನನ್ನು ಅನುಕರಿಸುವಾಗ ಹೊಲಿಗೆ ಕಾಣುತ್ತದೆ. ಕಲ್ಲಿನಂತೆ ನಿಂತವನನ್ನು ಅನುಕರಿಸುವಾಗ ಹೊಲಿಗೆ ಎಲ್ಲಿ ಕಾಣಬೇಕು? ಸುಮ್ಮನೆ ನಿಲ್ಲುವುದನ್ನು ಸುಮ್ಮನೆ ನಿಂತೇ ಅನುಕರಿಸಬೇಕಲ್ಲವೆ! ಅಂಥ ಕಡೆ ಉಳಿಯುವ ಏಕೈಕ ಕಿಂಡಿ ಕಣ್ಣು. ಬೆನ್ನು ಬಿಲ್ಲನದಾಗಿದ್ದು ಕಣ್ಣು ವೇಲುವಿನದಾಗಿದ್ದರೆ ಸಾಕಿತ್ತು, ಮೂರನೆಯ ಪಾತ್ರವು ಬದುಕಿಕೊಳ್ಳುತ್ತಿತ್ತು. ಆ ಕಣ್ಣಿನ ಮೇಲೆ ಕಪ್ಪು ಗಾಜನ್ನು ಇಟ್ಟುಬಿಟ್ಟರು. ಜನರು ಯಾವುದಕ್ಕೆ ಸಿಳ್ಳೆ ಹಾಕಿದರೋ ಅದೇ ಚಿತ್ರದ ಪ್ರಾಣವನ್ನು ಮುಚ್ಚಿತು. ಇದಕ್ಕೆ ನಟನ ಅಸಾಮರ್ಥ್ಯವು ಕಾರಣವಲ್ಲ. ‘ವಾಲಿ’ ಚಿತ್ರದಲ್ಲಿ ಅವಳಿ ಸಹೋದರರಿಬ್ಬರನ್ನೂ ಮಾಡಿ, ಅವರಲ್ಲಿ ಕಿವಿ ಕೇಳದ, ಮಾತು ಬಾರದ ಅಣ್ಣನನ್ನು ಬರಿಯ ಕಣ್ಣುಗಳಿಂದಲೇ ನಡೆಸಿದ ಅಜಿತರಿಗೆ ಇದು ಅಸಾಧ್ಯವಾಗಿರಲಿಲ್ಲ. ಪ್ರೇಕ್ಷಕನು ಬೇಡಿದ್ದು ಮೊದಲನೆಯ ಪಾತ್ರವನ್ನು. ಆದುದರಿಂದ ಮೊದಲನೆಯ ಪಾತ್ರವು ಉಬ್ಬಿ ಮೂರನೆಯದನ್ನು ನುಂಗಿತು. ಒಂದು ಕಲೆಯ ಭವಿಷ್ಯವನ್ನು ಅದರ ಪ್ರೇಕ್ಷಕನು ಹೀಗೆಯೇ ನಿರ್ಧರಿಸುತ್ತಾನೆ, ಆದಕಾರಣವೇ ನಾನು ಇಷ್ಟು ಬಿಸಿಯಾಗಿ ಬರೆಯುತ್ತಿರುವುದು.

ಅಜಿತರ ‘ಬಿಲ್ಲಾ’ಕ್ಕೆ ಒಂದು ವರ್ಷ ಮುಂಚೆ, 2006ರಲ್ಲಿ, ಫರ್ಹಾನ್ ಅಖ್ತರರು ಶಾರುಖ್ ಖಾನರಿಂದ ಹಿಂದಿಯಲ್ಲಿ ಮತ್ತೆ ‘ಡಾನ್’ ಮಾಡಿಸಿದರು. ಹಳೆಯ ದಿನಚರಿ ಪುಸ್ತಕವು ಅಲ್ಲಿ ಡಿಸ್ಕ್ ಆಯಿತು, ಮುಂಬಯಿಯ ಓಟಗಳು ಕೌಲಾಲಂಪುರಕ್ಕೆ ಹೋದುವು. ಅವೆಲ್ಲವೂ ಮೇಲಿನ ಬಣ್ಣ. ಮುಖ್ಯವಾದದ್ದು ಕೊನೆಯ ತಿರುವು: ವಿಜಯನೆಂದು ನಾವು ನಂಬಿದವನು ವಿಜಯನೇ ಅಲ್ಲ, ಡಾನನೇ ವಿಜಯನಾಗಿ ನಟಿಸುತ್ತ, ಆ ವಿಜಯನಾಗಿ ಡಾನನನ್ನು ನಟಿಸುತ್ತಿದ್ದನು. ಬುದ್ಧಿಯ ಆಟವಾಗಿ ಇದನ್ನು ಮೆಚ್ಚದಿರಲು ಸಾಧ್ಯವಿಲ್ಲ, ಮೂರನೆಯ ಪಾತ್ರದ ಮೇಲೆ ನಾಲ್ಕನೆಯದನ್ನು ಹೇರಿದಂತಾಯಿತು. ಜನರು ಈ ತಿರುವನ್ನು ಕೊಂಡಾಡಿ ದಣಿಯಲಿಲ್ಲ. ನನಗೆ ಮಾತ್ರ ಮನೆಗೆ ಬಂದು ಮಲಗಿದಾಗ ವಂಚಿತನಾದಂತೆ ತೋರಿತು. ಯಾರಿಗಾಗಿ ನಾನು ಎರಡು ಗಂಟೆ ಹೆದರಿದೆನೋ, ಯಾರ ಕೈ ಶಾಲಿನ ಅಂಚಿಗೆ ಹೋದೀತೆಂದು ಕಾದೆನೋ, ಆ ಬಡವನು ಎಂದೋ ಸತ್ತುಹೋಗಿದ್ದನು. ರಸವು ಸ್ಥಾಯಿಯನ್ನು ಬೇಡುತ್ತದೆ. ನಿಲ್ಲಲು ನೆಲವನ್ನೇ ಕಸಿದುಕೊಂಡ ಮೇಲೆ ಉಳಿಯುವುದು ಚಮತ್ಕಾರ ಮಾತ್ರ.

ಉಳಿದ ಅಂಶಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೊಡೆದಾಟಗಳು ಎರಡು ‘ಬಿಲ್ಲಾ’ಗಳಲ್ಲಿಯೂ ಸಾಕಷ್ಟಿವೆ, ಅವುಗಳ ಮೇಲೆ ನನಗೆ ಹೇಳುವುದೇನೂ ಇಲ್ಲ. ಸಂಗೀತದಲ್ಲಿ ಯುವನ್ ಶಂಕರ್ ರಾಜಾ ಅವರು ಹಳೆಯ ಎರಡು ಹಾಡುಗಳನ್ನು ಹೊಸ ವಾದ್ಯಗಳಿಗೆ ಒಗ್ಗಿಸಿದ್ದು ಗೌರವದ ಕೆಲಸವೇ. ಅವರ ಹಿನ್ನೆಲೆಯ ಮುಖ್ಯಸ್ವರವು ಚಿತ್ರಕ್ಕಿಂತ ಹೆಚ್ಚು ಬಾಳಿತು. ನಾಯಕಿಯ ವಿಷಯದಲ್ಲಿ ಮಾತ್ರ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಸೇಡಿಗಾಗಿ ಕೂಟವನ್ನು ಸೇರಿದ ಅವಳೂ ವೇಷಧಾರಿಣಿಯೇ. 1978ರಲ್ಲಿ ಜೀನತ್ ಅಮಾನರು, 1980ರಲ್ಲಿ ಶ್ರೀಪ್ರಿಯಾ ಅವರು, 2007ರಲ್ಲಿ ನಯನತಾರಾ ಅವರು ಮಾಡಿದ ಈ ಪಾತ್ರವು ತನ್ನ ಸೋದರನ ಕೊಲೆಗಾರನ ಎದುರಿಗೆ ನಿಷ್ಠೆಯ ಮುಖವನ್ನು ಹೊತ್ತು ನಿಲ್ಲುತ್ತದೆ. ಕಡೆಗೆ ಕಾನೂನಿನ ಪಕ್ಷದವನೆಂದು ನಂಬಿದ ಅಧಿಕಾರಿಯೂ ವೇಷಧಾರಿಯೆಂದು ಹೊರಬೀಳುತ್ತದೆ. ಅಜ್ಞಾತವಾಸದ ವಿರಾಟನಗರಿಯಂತೆ, ಇಲ್ಲಿ ತನ್ನ ಹೆಸರಿನಲ್ಲಿ ತಾನಿರುವವನು ಒಬ್ಬನೂ ಇಲ್ಲ. ಹೊಸ ಚಿತ್ರದಲ್ಲಿ ನಯನತಾರಾ ಅವರ ಉಡುಪಿನ ಬಗ್ಗೆ ಪುಟಗಟ್ಟಲೆ ಬರೆದವರು, ಆಕೆ ಬಿಲ್ಲನೆಂದು ಭಾವಿಸಿ ವೇಲುವನ್ನು ದ್ವೇಷಿಸುವ ದೃಶ್ಯಗಳಲ್ಲಿ ತೋರಿದ ಸಂಯಮದ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ನೋಡುವ ಕಣ್ಣನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ತರಮಣಿಯ ಸರಕಾರಿ ಚಲನಚಿತ್ರ ಸಂಸ್ಥೆಯನ್ನು ನಾವು ಹಳಬರು ಈಗಲೂ ಅಡ್ಯಾರ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತೇವೆ, ಪಿ.ಸಿ. ಶ್ರೀರಾಮರಂಥ ಛಾಯಾಗ್ರಾಹಕರು ಕಲಿತು ಬಂದ ಜಾಗ ಅದು. ಈ ಕಡೆ ನೋಡಿದರೆ ತಿರುವಾನ್ಮಿಯೂರಿನಲ್ಲಿ ರುಕ್ಮಿಣೀದೇವಿಯವರ ಕಲಾಕ್ಷೇತ್ರವಿದೆ. ಅಲ್ಲಿ ಒಂದೇ ವರ್ಣವನ್ನು ಹತ್ತು ಮಂದಿ ನರ್ತಕಿಯರು ಹತ್ತು ವರ್ಷ ಮಾಡಿದರೂ ‘ರೀಮೇಕ್’ ಎಂದು ಯಾರೂ ಮೂಗು ಮುರಿಯುವುದಿಲ್ಲ. ಒಂದೇ ಸಾಲಿಗೆ ಈಕೆ ಯಾವ ಸಂಚಾರಿಯನ್ನು ತರುತ್ತಾಳೆಂದು ಕಾದು ಕುಳಿತಿರುತ್ತಾರೆ. ಇದೇ ಸಭಿಕರು ರಸ್ತೆ ದಾಟಿ ಚಿತ್ರಮಂದಿರವನ್ನು ಹೊಕ್ಕ ಕೂಡಲೇ ಈ ಕಣ್ಣನ್ನು ಬಾಗಿಲಲ್ಲಿಯೇ ಬಿಟ್ಟು ಬರುವುದೇಕೆ? ಸಾಹಸಚಿತ್ರವು ಕೀಳು, ಅದಕ್ಕೆ ಕೀಳು ಕಣ್ಣು ಸಾಕು ಎಂಬ ತಿರಸ್ಕಾರವೇ ಇದಕ್ಕೆ ಕಾರಣ. ಬಂದೂಕು ಸಿಡಿಯುವ ಚಿತ್ರದಲ್ಲಿಯೂ ಒಬ್ಬ ಮನುಷ್ಯನು ಇನ್ನೊಬ್ಬನಾಗಲು ಪಡುವ ಪಾಡನ್ನು ನೋಡಲು ಕಲಾಕ್ಷೇತ್ರದಲ್ಲಿ ಬಳಸುವ ಕಣ್ಣೇ ಬೇಕು.

ಆದುದರಿಂದ ಆ ಇಬ್ಬರು ಹುಡುಗರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಭಾನುವಾರ ಸ್ವಲ್ಪ ಬೇಗನೆ ಬನ್ನಿ. ಮೊದಲು 1980ರದನ್ನು, ಊಟವಾದ ಮೇಲೆ 2007ರದನ್ನು ನೋಡೋಣ. ಕೋಟುಗಳ ವಿಚಾರ, ಕಾರುಗಳ ವಿಚಾರ ಎಷ್ಟು ಬೇಕಾದರೂ ಮಾತಾಡಿರಿ, ನಾನು ಬೇಡವೆನ್ನುವುದಿಲ್ಲ. ಸತ್ತ ಬಿಲ್ಲನ ಜಾಗಕ್ಕೆ ಆ ಬಡವನು ಮೊದಲ ಸಲ ಬಂದು ನಿಲ್ಲುತ್ತಾನಲ್ಲಾ, ಅಲ್ಲಿಂದ ಹತ್ತು ನಿಮಿಷ ಮಾತ್ರ ಯಾರೂ ಮಾತಾಡಬೇಡಿ, ಫೋನನ್ನು ತೆಗೆಯಬೇಡಿ, ಅವನ ಕೈಗಳನ್ನು ನೋಡುತ್ತಿರಿ.